ಅಂಗಡಿಯಲ್ಲಿ ದುಡಿದ ಗಂಟೆ ಅಂಕಪಟ್ಟಿಗೆ ಬರಬೇಕಾದರೆ

ಐದನೇ ಸೆಮಿಸ್ಟರ್‌ನ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. "ಸಾರ್, ಐದು ತಿಂಗಳಿಂದ ಬಟ್ಟೆ ಅಂಗಡೀಲಿ ಕೆಲಸ ಮಾಡ್ತಿದ್ದೀನಿ. ಇದನ್ನೇ ಇಂಟರ್ನ್‌ಶಿಪ್ ಅಂತ ತೋರಿಸಬಹುದಾ?" ದಿನಾ ಸಂಜೆ ಐದೂವರೆಯಿಂದ ಒಂಬತ್ತು, ತಿಂಗಳಿಗೆ 26 ದಿನ. ಕೂತು ಲೆಕ್ಕ ಹಾಕಿದೆವು. 455 ಗಂಟೆ. ಪದವಿಯಲ್ಲಿ ಕಲಿಕೆಯನ್ನು ಅಳೆಯುವ ಲೆಕ್ಕಕ್ಕೆ ಕ್ರೆಡಿಟ್ ಅನ್ನುತ್ತಾರೆ. ಮೂವತ್ತು ಗಂಟೆಗೆ ಒಂದು ಕ್ರೆಡಿಟ್ ಅಂದರೂ ಹದಿನೈದು ಕ್ರೆಡಿಟ್‌ನಷ್ಟು ದುಡಿಮೆ. ಅವನಿಗೆ ಸಿಕ್ಕಿದ್ದು ಸೊನ್ನೆ.

ಕೆಲಸದಲ್ಲಿ ತಪ್ಪಿರಲಿಲ್ಲ. ಕಾಲೇಜಿಗೆ ಮೊದಲೇ ಹೇಳಿರಲಿಲ್ಲ, ಮಾರ್ಗದರ್ಶಕರು ಯಾರೂ ಇರಲಿಲ್ಲ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಅಂಗಡಿಯವರು ಕೊನೆಗೆ ಕೊಟ್ಟ ಪತ್ರದಲ್ಲಿ "ಒಳ್ಳೆಯ ಹುಡುಗ, ನಂಬಿಕಸ್ಥ" ಎಂದಷ್ಟೇ ಇತ್ತು. ನಂಬಿಕಸ್ಥ ಅನ್ನುವುದಕ್ಕೆ ಎಷ್ಟು ಕ್ರೆಡಿಟ್ ಕೊಡುವುದು ಹೇಳಿ?

ಪದವಿ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಫೈಲುಗಳನ್ನು ನೋಡಿಕೊಳ್ಳುವವನಾಗಿ ನಾನು ಪ್ರತಿ ವರ್ಷ ಹೇಳುವುದು ಒಂದೇ: ಕಾಗದ ಮೊದಲು, ಕೆಲಸ ಆಮೇಲೆ. ಈ ಬರಹದ ಮುಕ್ಕಾಲು ಪಾಲು ಆ ಕಾಗದದ ಬಗ್ಗೆಯೇ ಇದೆ.

ಮೊದಲು ನಿಮ್ಮ ದಾರಿ ಯಾವುದೆಂದು ನೋಡಿಕೊಳ್ಳಿ

ಬಿಕಾಂ, ಬಿಬಿಎ, ಬಿಎ ಓದುವ ಹೆಚ್ಚಿನವರದ್ದು ಸಾಮಾನ್ಯ ಇಂಟರ್ನ್‌ಶಿಪ್ ದಾರಿ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2024ರಲ್ಲಿ ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 30 ಗಂಟೆಗೆ ಒಂದು ಕ್ರೆಡಿಟ್. ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ 60ರಿಂದ 120 ಗಂಟೆ, ಅಂದರೆ ಎರಡರಿಂದ ನಾಲ್ಕು ಕ್ರೆಡಿಟ್. ಆದರೆ ಕೊನೆಯ ಮಾತು ನಿಮ್ಮ ವಿಶ್ವವಿದ್ಯಾಲಯದ್ದು. ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಸಿಲೆಬಸ್ ಕೂಡ ಬದಲಾಗಿದೆ. ಸೀನಿಯರ್ ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ. ನಿಮ್ಮ ಬ್ಯಾಚಿನ ಸಿಲೆಬಸ್ ಪುಸ್ತಕ ತೆಗೆದು ಇಂಟರ್ನ್‌ಶಿಪ್ ಯಾವ ಸೆಮಿಸ್ಟರ್‌ನಲ್ಲಿದೆ, ಎಷ್ಟು ಕ್ರೆಡಿಟ್, ಎಷ್ಟು ವಾರ ಎಂದು ನೀವೇ ಓದಿ. ಅಲ್ಲಿ ಇಂಟರ್ನ್‌ಶಿಪ್ ಎಂಬ ಪದವೇ ಇಲ್ಲದಿದ್ದರೆ ಪ್ರಾಜೆಕ್ಟ್ ಅಥವಾ ಕೌಶಲ ಪತ್ರಿಕೆಯ ಹೆಸರಿನಲ್ಲಿ ಜಾಗ ಇದೆಯೇ ಎಂದು ಕೇಳಿ.

ಎರಡನೆಯದು ಅಪ್ರೆಂಟಿಸ್‌ಶಿಪ್, ಅಂದರೆ ಕರಾರಿನ ಮೇಲೆ ಕೆಲಸದ ಜಾಗದಲ್ಲೇ ಪಡೆಯುವ ತರಬೇತಿ, ಒಳಗೊಂಡ ಪದವಿ. ರಿಟೇಲ್ ವಿಷಯದ ಬಿಬಿಎ ಇದಕ್ಕೆ ಒಳ್ಳೆಯ ಉದಾಹರಣೆ. ಇಂಥ ಕೋರ್ಸ್‌ಗಳು ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೂ ಬಂದಿವೆ. ಯುಜಿಸಿಯ 2025ರ ಮಾರ್ಗಸೂಚಿಯಲ್ಲಿ ಮೂರು ವರ್ಷದ ಪದವಿಯೊಳಗೆ ಒಂದರಿಂದ ಮೂರು ಸೆಮಿಸ್ಟರ್‌ವರೆಗೆ ಅಪ್ರೆಂಟಿಸ್‌ಶಿಪ್ ಇಡಬಹುದು. ಇಲ್ಲಿ ಮಳಿಗೆಯೇ ಕ್ಲಾಸ್‌ರೂಮ್. ತಿಂಗಳಿಗೆ ಸ್ಟೈಪೆಂಡ್ ಕೂಡ ಬರುತ್ತದೆ. ಇದು ಕೋರ್ಸ್ ಸೇರುವಾಗಲೇ ತೀರ್ಮಾನಿಸಬೇಕಾದ ವಿಷಯ, ನಡುವೆ ಜಿಗಿಯುವುದು ಕಷ್ಟ. ಪಿಯುಸಿ ಮುಗಿಸಿದ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಹೇಳಿ. ಬಿ.ವೋಕ್ ಎಂಬ ವೃತ್ತಿಪರ ಕೌಶಲದ ಪದವಿ ಕೂಡ ಇದರ ಹತ್ತಿರದ್ದೇ. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಕೌಶಲದ ಭಾಗ.

ಮೂರನೆಯದು ಆಗಲೇ ವರ್ಷಗಟ್ಟಲೆ ಅಂಗಡಿಯಲ್ಲಿ ದುಡಿದವರದ್ದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಗಂಟೆಗಳ ಲೆಕ್ಕ

ನಾಲ್ಕು ಕ್ರೆಡಿಟ್‌ಗೆ 120 ಗಂಟೆ ಬೇಕು ಅಂದುಕೊಳ್ಳಿ. ಶನಿವಾರ ನಾಲ್ಕು, ಭಾನುವಾರ ನಾಲ್ಕು ಗಂಟೆ ಮಾಡಿದರೆ ಹದಿನೈದು ವಾರಕ್ಕೆ ಸರಿಯಾಗಿ 120 ಆಗುತ್ತದೆ. ರಜೆಯಲ್ಲಿ ದಿನಕ್ಕೆ ಐದು ಗಂಟೆಯಂತೆ ವಾರಕ್ಕೆ ಆರು ದಿನ ಹೋದರೆ ನಾಲ್ಕೇ ವಾರ. ನನ್ನನ್ನು ಕೇಳಿದರೆ ವಾರಾಂತ್ಯದ ಹದಿನೈದು ವಾರವೇ ಮೇಲು. ರಿಟೇಲ್ ಅಂದರೆ ವಾರಾಂತ್ಯವೇ, ಅಲ್ವಾ? ಜೊತೆಗೆ ಮೂರೂವರೆ ತಿಂಗಳಲ್ಲಿ ಒಂದು ಹಬ್ಬವಾದರೂ ಸಿಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ನಿಂತವರಿಗೆ ಗೊತ್ತಾಗುವುದು ಮೇ ತಿಂಗಳ ಮಂಗಳವಾರ ಮಧ್ಯಾಹ್ನ ನಿಂತವರಿಗೆ ಗೊತ್ತಾಗುವುದಿಲ್ಲ.

ಹತ್ತು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಜ್ವರ ಬರುತ್ತದೆ, ಬಸ್ ತಪ್ಪುತ್ತದೆ, ಇಂಟರ್ನಲ್ ಟೆಸ್ಟ್ ಬರುತ್ತದೆ. 118 ಗಂಟೆಗೆ ನಿಂತರೆ ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಆ ಎರಡು ಗಂಟೆಯ ಬಗ್ಗೆಯೇ ಪ್ರಶ್ನೆ ಬರುತ್ತದೆ.

ಜಾಗ ಹುಡುಕುವುದು

ದೊಡ್ಡ ಮಾಲ್‌ನ ಹೆಸರಿದ್ದರೆ ಮಾತ್ರ ಬೆಲೆ ಎಂದು ಮಕ್ಕಳು ತಿಳಿದಿರುತ್ತಾರೆ. ನಾನು ಒಪ್ಪುವುದಿಲ್ಲ. ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಬಾರ್‌ಕೋಡ್, ಸ್ಟಾಕ್ ಸಾಫ್ಟ್‌ವೇರ್, ಶಿಫ್ಟ್ ಪದ್ಧತಿ ಎಲ್ಲಾ ಅಚ್ಚುಕಟ್ಟಾಗಿ ಇರುತ್ತದೆ ನಿಜ. ಆದರೆ ನಿಮ್ಮನ್ನು ಒಂದೇ ರ್ಯಾಕಿನ ಮುಂದೆ ಒಂದು ತಿಂಗಳು ನಿಲ್ಲಿಸುವ ಸಾಧ್ಯತೆಯೂ ಅಷ್ಟೇ ಇದೆ. ಊರಿನ ಎರಡು ಮಹಡಿಯ ಬಟ್ಟೆ ಅಂಗಡಿ, ಮೂರು ಬ್ರ್ಯಾಂಚ್ ಇರುವ ಮೆಡಿಕಲ್ ಸ್ಟೋರ್, ಚಪ್ಪಲಿ ಷೋರೂಮ್, ಹೋಲ್‌ಸೇಲ್ ಕಿರಾಣಿ ಇವುಗಳಲ್ಲಿ ಖರೀದಿಯಿಂದ ಉದ್ರಿ ವಸೂಲಿವರೆಗೆ ಎಲ್ಲಾ ಕಣ್ಣೆದುರೇ ನಡೆಯುತ್ತದೆ. ಅಂಗಡಿಗೆ ಪರವಾನಗಿ ಇದೆಯೇ, ಲೆಟರ್‌ಹೆಡ್ ಮತ್ತು ಸೀಲ್ ಇದೆಯೇ, ಸಹಿ ಹಾಕಲು ಒಬ್ಬ ಜವಾಬ್ದಾರಿಯ ವ್ಯಕ್ತಿ ಇದ್ದಾರೆಯೇ, ಇಷ್ಟು ನೋಡಿಕೊಳ್ಳಿ.

"ಅಪ್ಪನ ಅಂಗಡಿಯಲ್ಲೇ ಮಾಡಬಹುದಾ?" ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಅಪ್ಪನೇ ಹಾಜರಿ ಹಾಕಿ, ಅಪ್ಪನೇ ಅಂಕ ಕೊಟ್ಟರೆ ಯಾವ ಪರೀಕ್ಷಕರೂ ಒಪ್ಪುವುದಿಲ್ಲ. ಅದಕ್ಕಿಂತ ಅಪ್ಪನಿಗೆ ಮಾಲು ಹಾಕುವ ಡಿಸ್ಟ್ರಿಬ್ಯೂಟರ್ ಹತ್ತಿರ ಹೋಗಿ. ಅಂಗಡಿಯ ಇನ್ನೊಂದು ಮಗ್ಗುಲು ಕಾಣುತ್ತದೆ. ಮನೆಗೆ ಬಂದು ಅಪ್ಪನ ಜೊತೆ ಮಾರ್ಜಿನ್ ಬಗ್ಗೆ ಜಗಳವೂ ಆಡಬಹುದು!

ಕೇಳಲು ಹೋಗುವ ಹೊತ್ತು ನೋಡಿಕೊಳ್ಳಿ. ಸಂಜೆ ಏಳಕ್ಕೆ ಗಿರಾಕಿಗಳ ನಡುವೆ ನುಗ್ಗಿ "ಸಾರ್, ಇಂಟರ್ನ್‌ಶಿಪ್" ಎಂದರೆ "ನಾಳೆ ಬಾರಪ್ಪ" ಎನ್ನುತ್ತಾರೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಪೂಜೆ ಮುಗಿದು ವ್ಯಾಪಾರ ಇನ್ನೂ ಬಿಸಿಯಾಗದ ಸಮಯದಲ್ಲಿ ಹೋಗಿ. "ದುಡ್ಡು ಎಷ್ಟು ಕೊಡ್ತೀರಿ" ಎಂದು ಮಾತು ಶುರು ಮಾಡಬೇಡಿ. "ಕಾಲೇಜಿಂದ ಪತ್ರ ತಂದಿದ್ದೀನಿ ಸಾರ್, ಹದಿನೈದು ವಾರ ಶನಿವಾರ ಭಾನುವಾರ ಬರ್ತೀನಿ, ಕೊನೆಗೆ ಒಂದು ವರದಿ ಬರೆದು ನಿಮಗೂ ಒಂದು ಪ್ರತಿ ಕೊಡ್ತೀನಿ" ಎನ್ನಿ. ವಾರಾಂತ್ಯಕ್ಕೆ ಆಳು ಸಿಗದೆ ಒದ್ದಾಡುವ ಅಂಗಡಿಯವರಿಗೆ ಇದು ಇಷ್ಟವಾಗುವ ಮಾತು.

ಇಂಟರ್ನ್‌ಶಿಪ್ ಪ್ರಮಾಣಪತ್ರಕ್ಕೆ ನಿಮ್ಮಿಂದಲೇ ಹಣ ಕೇಳುವವರ ಕಡೆ ತಿರುಗಿಯೂ ನೋಡಬೇಡಿ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು.

ಆ ಎರಡು ಪತ್ರಗಳು

ಒಂದು ಕಾಲೇಜಿನಿಂದ ಅಂಗಡಿಗೆ, ಇನ್ನೊಂದು ಅಂಗಡಿಯಿಂದ ಕಾಲೇಜಿಗೆ. ಎರಡೂ ನೀವು ಕೆಲಸಕ್ಕೆ ಕಾಲಿಡುವ ಮೊದಲ ದಿನಕ್ಕಿಂತ ಹಿಂದಿನ ತಾರೀಖಿನಲ್ಲಿ ಇರಬೇಕು. ಯುಜಿಸಿ ಮಾರ್ಗಸೂಚಿಯಂತೆ ಕಾಲೇಜಿನಲ್ಲಿ ಇಂಟರ್ನ್‌ಶಿಪ್‌ಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು. ನಿಮಗೆ ಒಬ್ಬ ಮಾರ್ಗದರ್ಶಕ ಅಧ್ಯಾಪಕರು, ಕೆಲಸದ ಜಾಗದಲ್ಲಿ ಒಬ್ಬ ಮೇಲ್ವಿಚಾರಕರು ಇರಬೇಕು. ಈ ಮೂವರ ಹೆಸರೂ ನಿಮ್ಮ ಫೈಲಿನಲ್ಲಿ ಬರೆದಿರಲಿ.

ಅಂಗಡಿಯವರಿಗೆ ಪತ್ರ ಬರೆಯಲು ಪುರುಸೊತ್ತು ಇರುವುದಿಲ್ಲ. ನೀವೇ ಬರೆದುಕೊಂಡು ಹೋಗಿ, ಅವರು ಲೆಟರ್‌ಹೆಡ್ ಮೇಲೆ ಹಾಕಿಕೊಡುತ್ತಾರೆ. ಹೀಗೆ ಬರೆದರೆ ಸಾಕು:

"ನಿಮ್ಮ ಕಾಲೇಜಿನ ಐದನೇ ಸೆಮಿಸ್ಟರ್ ಬಿಕಾಂ ವಿದ್ಯಾರ್ಥಿ (ಹೆಸರು, ನೋಂದಣಿ ಸಂಖ್ಯೆ) ಇವರನ್ನು ನಮ್ಮ ಮಳಿಗೆಯಲ್ಲಿ (ತಾರೀಖು) ರಿಂದ (ತಾರೀಖು) ವರೆಗೆ, ವಾರಕ್ಕೆ 8 ಗಂಟೆಯಂತೆ ಒಟ್ಟು 120 ಗಂಟೆಗಳ ಇಂಟರ್ನ್‌ಶಿಪ್‌ಗೆ ತೆಗೆದುಕೊಳ್ಳಲು ಒಪ್ಪಿದ್ದೇವೆ. ಸರಕು ಸ್ವೀಕಾರ, ಸ್ಟಾಕ್ ಎಣಿಕೆ, ಬಿಲ್ಲಿಂಗ್ ಮತ್ತು ಗ್ರಾಹಕ ಸೇವೆ ವಿಭಾಗಗಳಲ್ಲಿ ತಲಾ ಕೆಲವು ವಾರ ಕಲಿಸಲಾಗುವುದು. ಇವರ ಮೇಲ್ವಿಚಾರಣೆ ನಮ್ಮ ಫ್ಲೋರ್ ಮ್ಯಾನೇಜರ್ (ಹೆಸರು) ಅವರದ್ದು."

ಇದರಲ್ಲಿ "ತಲಾ ಕೆಲವು ವಾರ" ಎಂಬ ಮಾತನ್ನು ಬಿಡಬೇಡಿ. ಬರೀ ಬಿಲ್ಲಿಂಗ್‌ಗೆ ಕೂರಿಸಿದಾಗ ನೆನಪಿಸಲು ಅದೇ ನಿಮಗಿರುವ ಆಧಾರ.

ಇನ್ನು ಎರಡು ವಿಷಯ ಬಾಯಿಮಾತಿನಲ್ಲಾದರೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಕ್ಯಾಶ್ ಟ್ಯಾಲಿ ಆಗದೆ ಕಡಿಮೆ ಬಂದರೆ ಯಾರು ಕಟ್ಟಬೇಕು? ನಮ್ಮ ಹುಡುಗಿಯೊಬ್ಬಳು ಮೊದಲ ವಾರವೇ ಒಂದು ಅಂಗಡಿಯಲ್ಲಿ ಕೈಯಿಂದ 640 ರೂಪಾಯಿ ಕಟ್ಟಿ ಅತ್ತುಕೊಂಡು ಬಂದಿದ್ದಳು. ಒಬ್ಬಳೇ ಕ್ಯಾಶ್ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಅನುಭವಿ ಕ್ಯಾಶಿಯರ್ ಇರಬೇಕು ಎಂದು ಮೊದಲೇ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡನೆಯದು, ರಾತ್ರಿ ಅಂಗಡಿ ಮುಚ್ಚುವ ಹೊತ್ತು. ಕೊನೆಯ ಬಸ್ ಎಷ್ಟಕ್ಕೆ ಎಂದು ಹೇಳಿ ಅದಕ್ಕೆ ತಕ್ಕ ಶಿಫ್ಟ್ ಕೇಳಿ.

ಹಣದ ಬಗ್ಗೆ ಒಂದು ಮಾತು

ಸಂಬಳ ತೆಗೆದುಕೊಂಡರೆ ಕ್ರೆಡಿಟ್ ಸಿಗುವುದಿಲ್ಲ ಎಂಬ ಮಾತು ಹಾಸ್ಟೆಲ್‌ಗಳಲ್ಲಿ ಓಡಾಡುತ್ತಿದೆ. ಅದು ಸುಳ್ಳು. ಸಾಮಾನ್ಯ ಇಂಟರ್ನ್‌ಶಿಪ್‌ನಲ್ಲಿ ಅಂಗಡಿಯವರು ಕೊಟ್ಟರೆ ತೆಗೆದುಕೊಳ್ಳಿ, ವರದಿಯಲ್ಲೂ ಹೇಳಿ. ಅಪ್ರೆಂಟಿಸ್‌ಶಿಪ್‌ನಲ್ಲಂತೂ ಸ್ಟೈಪೆಂಡ್ ಕೊಡಲೇಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿ 2019ರಲ್ಲಿ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿ ಮಾಡಿದ್ದರು. ನ್ಯಾಟ್ಸ್ ಎಂಬ ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಸರ್ಕಾರವೇ ಭರಿಸುತ್ತದೆ. ದಕ್ಷಿಣ ರಾಜ್ಯಗಳಿಗೆ ಇದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈನಲ್ಲಿದೆ. ನೋಂದಣಿಯೆಲ್ಲಾ ಆನ್‌ಲೈನ್‌ನಲ್ಲೇ ಆಗುತ್ತದೆ. ಕರಾರಿಗೆ ಸಹಿ ಹಾಕುವಾಗ ಮೊತ್ತ, ಅವಧಿ, ರಜೆ ಮೂರನ್ನೂ ಓದಿ. ಈ ಕಾಯ್ದೆಯಲ್ಲಿ ಅಪ್ರೆಂಟಿಸ್ ಅಂದರೆ ಕಲಿಯುವವನು, ಕಾರ್ಮಿಕನಲ್ಲ. ಹಾಗಾಗಿ ಪಿಎಫ್ ಸಿಗುತ್ತದೆ ಎಂದುಕೊಳ್ಳಬೇಡಿ. ಆದರೆ ಕೆಲಸದ ವೇಳೆ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದ್ದೇ.

ದಿನಚರಿ: ಅಂಕ ಇರುವುದೇ ಇಲ್ಲಿ

ನಲವತ್ತು ದಿನ "ಇವತ್ತು ಬಿಲ್ಲಿಂಗ್ ಮಾಡಿದೆ" ಎಂದು ಬರೆದ ದಿನಚರಿಗಳನ್ನು ನಾನು ರಾಶಿಗಟ್ಟಲೆ ನೋಡಿದ್ದೇನೆ. ಕೆಲವರದ್ದು ಒಂದೇ ಪೆನ್ನು, ಒಂದೇ ರಾತ್ರಿಯ ಬರಹ. ಗೊತ್ತಾಗುವುದಿಲ್ಲ ಅಂದುಕೊಂಡಿರುತ್ತಾರೆ.

ಹೀಗೆ ಬರೆದು ನೋಡಿ: "ಭಾನುವಾರ, ಸಂಜೆ 5ರಿಂದ 9. ಆರೂವರೆಗೆ ಸಾಲಿನಲ್ಲಿ 9 ಜನ. ಒಂದು ಸಕ್ಕರೆ ಪ್ಯಾಕೆಟ್‌ನ ಬಾರ್‌ಕೋಡ್ ಹರಿದಿತ್ತು. ಕೋಡ್ ಹುಡುಕಲು 4 ನಿಮಿಷ ಹೋಯಿತು. ಇಬ್ಬರು ಬುಟ್ಟಿ ಅಲ್ಲೇ ಇಟ್ಟು ಹೊರಟುಹೋದರು. ಜಾಸ್ತಿ ಹೋಗುವ 20 ವಸ್ತುಗಳ ಕೋಡ್ ಪಟ್ಟಿ ಕೌಂಟರ್ ಪಕ್ಕ ಅಂಟಿಸೋಣವೇ ಎಂದು ಮ್ಯಾನೇಜರ್‌ಗೆ ಕೇಳಿದೆ. ಸರಿ ಎಂದರು." ಇದನ್ನು ಬರೆಯಲು ಐದು ನಿಮಿಷ ಸಾಕು. ಏನು ಆಯಿತು, ಯಾಕೆ ಆಯಿತು, ನೀವೇನು ಮಾಡಿದಿರಿ, ಮೂರೂ ಇದೆ. ಕ್ರೆಡಿಟ್ ಸಿಗುವುದು ಬೆವರಿಗಲ್ಲ, ಇಂಥ ಐದು ಸಾಲಿಗೆ.

ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ ಮಾಡಿಸಿ. ಕೊನೆಯ ದಿನ ಎಲ್ಲದಕ್ಕೂ ಒಟ್ಟಿಗೆ ಮಾಡಿಸುತ್ತೇನೆ ಅಂದರೆ ಅಷ್ಟರಲ್ಲಿ ಆ ಮ್ಯಾನೇಜರ್ ಬೇರೆ ಬ್ರ್ಯಾಂಚಿಗೆ ಹೋಗಿರುತ್ತಾರೆ. ರಿಟೇಲ್‌ನಲ್ಲಿ ಇದು ತೀರಾ ಮಾಮೂಲಿ.

ವರದಿಗೆ ಒಂದೇ ಪ್ರಶ್ನೆ ಹಿಡಿಯಿರಿ

"ರಿಟೇಲ್ ಕ್ಷೇತ್ರದ ಒಂದು ಅಧ್ಯಯನ" ಎಂಬ ಶೀರ್ಷಿಕೆ ನೋಡಿದರೆ ನನಗೆ ನಿದ್ದೆ ಬರುತ್ತದೆ. ಸಣ್ಣದಾಗಿ ಹಿಡಿಯಿರಿ. ನಾಲ್ಕು ಭಾನುವಾರ ಬಾಗಿಲ ಹತ್ತಿರ ನಿಂತು ಒಳಗೆ ಬಂದವರನ್ನು ಎಣಿಸಿ. 200 ಜನ ಬಂದು 80 ಬಿಲ್ ಆದರೆ ನೂರಕ್ಕೆ 40 ಜನ ಕೊಂಡರು ಅಂತ. ಆ 80 ಬಿಲ್ಲಿನ ಮೊತ್ತ 24,000 ಆದರೆ ಸರಾಸರಿ ಬಿಲ್ 300 ರೂಪಾಯಿ. ಮುಂದಿನ ವಾರ ಬಾಗಿಲ ಬಳಿಯ ರ್ಯಾಕ್ ಬದಲಾಯಿಸಿ ಮತ್ತೆ ಎಣಿಸಿ. ಇಷ್ಟೇ ಒಂದು ಒಳ್ಳೆಯ ವರದಿ.

ಕಡತದಲ್ಲಿ 1,000 ಪ್ಯಾಕೆಟ್ ಇದ್ದು ಎಣಿಸಿದರೆ 985 ಸಿಕ್ಕಿತು ಅಂದರೆ ನೂರಕ್ಕೆ ಒಂದೂವರೆಯಷ್ಟು ಕಾಣೆ. ಕಳ್ಳತನವೇ ಆಗಬೇಕೆಂದಿಲ್ಲ. ಇಲಿ ಕಡಿದಿರಬಹುದು, ಮಾಲು ಇಳಿಸುವಾಗಲೇ ಎಣಿಕೆ ತಪ್ಪಿರಬಹುದು, ಒಂದು ವಸ್ತುವಿಗೆ ಇನ್ನೊಂದರ ಕೋಡ್ ಹೊಡೆದಿರಬಹುದು. ಯಾವುದು ಎಂದು ಹುಡುಕಿದ ವಿದ್ಯಾರ್ಥಿಯ ವೈವಾ ಅರ್ಧ ಗಂಟೆ ನಡೆಯಿತು, ನಾವೇ ಪ್ರಶ್ನೆ ಕೇಳುತ್ತಾ ಕೂತೆವು. ಎಕ್ಸ್‌ಪೈರಿ ಹತ್ತಿರ ಬಂದ ಮಾಲನ್ನು ಹಿಂದೆ ಇಟ್ಟು ಹೊಸದನ್ನು ಮುಂದೆ ಜೋಡಿಸುವ ತಪ್ಪಿನಿಂದ ಎಷ್ಟು ನಷ್ಟ, ಗಣೇಶನ ಹಬ್ಬಕ್ಕೆ ತರಿಸಿದ ಮಾಲಿನಲ್ಲಿ ಎಷ್ಟು ಉಳಿಯಿತು, ಉದ್ರಿ ಪುಸ್ತಕದ ಹಣ ವಾಪಸ್ ಬರಲು ಎಷ್ಟು ದಿನ, ಇವೆಲ್ಲಾ ಒಳ್ಳೆಯ ವಿಷಯಗಳೇ.

ಒಂದು ಎಚ್ಚರಿಕೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡನ್ನೇ ಕಿತ್ತಿಟ್ಟರು. ಆಮೇಲೆ ಲೆಕ್ಕದ ಪುಸ್ತಕ ಅಂದರೆ ಸಾಕು, ಬೆಚ್ಚಿಬೀಳುತ್ತಾರೆ. ಅವರ ತಪ್ಪಲ್ಲ. ಕೇಳದೆ ಲೆಡ್ಜರ್‌ನ ಫೋಟೊ ತೆಗೆಯಬೇಡಿ. ನಿಜವಾದ ವಹಿವಾಟಿನ ಮೊತ್ತ ಬರೆಯುವ ಬದಲು ಶೇಕಡಾವಾರು ಬರೆಯಿರಿ, ಅಂಗಡಿಯ ಹೆಸರಿಗೆ ಅವರು ಒಪ್ಪದಿದ್ದರೆ ವರದಿಯ ಒಳಪುಟಗಳಲ್ಲಿ "ಮಳಿಗೆ" ಎಂದಷ್ಟೇ ಹಾಕಿ. ಗಿರಾಕಿಗಳ ಫೋನ್ ನಂಬರ್ ಅಂತೂ ವರದಿಯಲ್ಲಿ ಎಲ್ಲೂ ಬರಬಾರದು.

ವೈವಾ

ಹೆದರುವಂಥದ್ದೇನಿಲ್ಲ. ಎಂಆರ್‌ಪಿಗೂ ಖರೀದಿ ದರಕ್ಕೂ ನಡುವೆ ಏನೇನು ಬರುತ್ತದೆ, ನಿಮ್ಮ ಅಂಗಡಿಯಲ್ಲಿ ಅತಿ ನಿಧಾನವಾಗಿ ಹೋಗುವ ವಸ್ತು ಯಾವುದು, ಸಿಟ್ಟಾದ ಗಿರಾಕಿಯನ್ನು ಹೇಗೆ ಸಮಾಧಾನ ಮಾಡಿದಿರಿ, ಇಂಥವೇ ಪ್ರಶ್ನೆಗಳು. ಇಂಗ್ಲಿಷ್ ಬರುವುದಿಲ್ಲ ಎಂದು ಬಾಯಿ ಕಟ್ಟಿ ಕೂರಬೇಡಿ. ಕನ್ನಡದಲ್ಲಿ ಹೇಳಬಹುದೇ ಎಂದು ಮೊದಲೇ ಕೇಳಿ.

ಹಳೆಯ ಅನುಭವ ಇದ್ದವರಿಗೆ

ಪಿಯುಸಿ ಆದ ಮೇಲೆ ಐದು ವರ್ಷ ಅಂಗಡಿಯಲ್ಲಿ ದುಡಿದು ಈಗ ಪದವಿಗೆ ಸೇರಿದವರು ಇದ್ದಾರೆ. ಆ ಐದು ವರ್ಷ ನೀರಿಗೆ ಹೋಯಿತೇ? ಕಾಗದದ ಮೇಲೆ ದಾರಿ ಇದೆ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಓದು, ಕೌಶಲ, ಕೆಲಸದ ಅನುಭವ ಮೂರನ್ನೂ ಕ್ರೆಡಿಟ್‌ನಲ್ಲಿ ಅಳೆಯಬಹುದು ಎನ್ನುತ್ತದೆ. ಆದರೆ ಅನುಭವ ಇದೆ ಎಂದರೆ ಸಾಲದು, ಯಾರಾದರೂ ಪರೀಕ್ಷೆ ಮಾಡಿ ಹೌದು ಅನ್ನಬೇಕು. ರಿಟೇಲ್ ಕ್ಷೇತ್ರಕ್ಕೆ ರಾಸ್ಕಿ ಎಂಬ ಕೌಶಲ ಮಂಡಳಿ ಇದೆ. ಕ್ಯಾಶಿಯರ್, ಸೇಲ್ಸ್ ಅಸೋಸಿಯೇಟ್, ಟೀಮ್ ಲೀಡರ್ ಹೀಗೆ ಒಂದೊಂದು ಕೆಲಸಕ್ಕೂ ಏನು ಗೊತ್ತಿರಬೇಕೆಂದು ಅದು ಪಟ್ಟಿ ಮಾಡಿದೆ. ಹಿಂದೆ ಕಲಿತದ್ದನ್ನು ಗುರುತಿಸುವ ಆರ್‌ಪಿಎಲ್ ಪರೀಕ್ಷೆ ಪಾಸಾದರೆ ಪ್ರಮಾಣಪತ್ರ ಸಿಗುತ್ತದೆ. ಅದನ್ನು ನಿಮ್ಮ ಪದವಿಗೆ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಹೇಳುವುದು ವಿಶ್ವವಿದ್ಯಾಲಯ. ಆದ್ದರಿಂದ ಪರೀಕ್ಷೆಗೆ ಫೀಸು ಕಟ್ಟುವ ಮೊದಲೇ ಕಾಲೇಜಿಗೆ ಅರ್ಜಿ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಹಳೆಯ ಮಾಲೀಕರಿಂದ ಪತ್ರ ತರುವಾಗ ತಾರೀಖು, ಹುದ್ದೆ, ಮಾಡಿದ ಕೆಲಸ ಇರಲಿ. ಸಂಬಳ ಬ್ಯಾಂಕಿಗೆ ಬರುತ್ತಿದ್ದರೆ ಪಾಸ್‌ಬುಕ್ ಪುಟವೇ ಒಳ್ಳೆಯ ಸಾಕ್ಷಿ.

ಕೊನೆಗೆ, ಕ್ರೆಡಿಟ್ ಬಂತೇ ನೋಡಿ

ಕ್ರೆಡಿಟ್‌ಗಳಿಗೂ ಒಂದು ಬ್ಯಾಂಕ್ ಇದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಎಲ್ಲರೂ ಕರೆಯುವುದು ಎಬಿಸಿ ಎಂದೇ. 2021ರಲ್ಲಿ ಶುರುವಾಯಿತು. ಡಿಜಿಲಾಕರ್ ಮೂಲಕ ಅಪಾರ್ ಎಂಬ 12 ಅಂಕಿಯ ವಿದ್ಯಾರ್ಥಿ ಗುರುತಿನ ಸಂಖ್ಯೆ ಮಾಡಿಸಿಕೊಂಡರೆ ನಿಮ್ಮ ಖಾತೆ ಅಲ್ಲೇ ಕಾಣುತ್ತದೆ. ಜಮಾ ಆದ ಕ್ರೆಡಿಟ್‌ಗೆ ಸಾಮಾನ್ಯವಾಗಿ ಏಳು ವರ್ಷ ಆಯಸ್ಸು. ನಡುವೆ ಓದು ನಿಲ್ಲಿಸಿ ಮತ್ತೆ ಸೇರುವವರಿಗೆ ಇದು ಕೆಲಸಕ್ಕೆ ಬರುತ್ತದೆ. ಇದರಲ್ಲಿ ನೀವಾಗಿ ಏನೂ ಜಮಾ ಮಾಡಲು ಆಗುವುದಿಲ್ಲ, ಸಂಸ್ಥೆಯೇ ಹಾಕಬೇಕು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅಂಕ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗುತ್ತದೆ. ಫಲಿತಾಂಶ ಬಂದ ದಿನ ಅಲ್ಲಿ ಇಂಟರ್ನ್‌ಶಿಪ್ ಸಾಲು ಖಾಲಿ ಇದೆಯೇ ನೋಡಿ. ಖಾಲಿ ಇದ್ದರೆ ಅದೇ ವಾರ ಕಾಲೇಜಿನ ಕಚೇರಿಗೆ ಹೋಗಿ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ "ಮಂಜುನಾಥ", ಅಂಕಪಟ್ಟಿಯಲ್ಲಿ "ಮಂಜುನಾಥ ಕೆ", ಅಂಗಡಿಯ ಪ್ರಮಾಣಪತ್ರದಲ್ಲಿ "ಕೆ. ಮಂಜು". ನಮ್ಮಲ್ಲಿ ಇನಿಷಿಯಲ್ ಹಿಂದೆಯೂ ಇರುತ್ತದೆ, ಮುಂದೆಯೂ ಇರುತ್ತದೆ, ಒಮ್ಮೊಮ್ಮೆ ಬಿಚ್ಚಿಕೊಂಡು ಊರಿನ ಹೆಸರೂ ಆಗುತ್ತದೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಒಂದು ಚೀಟಿಯಲ್ಲಿ ಬರೆದು, ಅಂಗಡಿಯವರಿಗೆ ಮೊದಲ ದಿನವೇ ಕೊಟ್ಟುಬಿಡಿ.